ಕೆಟ್ಟ ಫೋನು ಬೇಕಾಗಿದೆ

ಎಸ್.ಪಿ. ರೋಡಿನ ಅಂಗಡಿಯೊಂದರ ಮುಂದೆ ನಿಂತು "ಒಂದು ಕೆಟ್ಟ ಫೋನು ಬೇಕಿತ್ತು" ಎಂದು ಕೇಳಿದಾಗ ಕೌಂಟರಿನ ಹುಡುಗ ತಲೆ ಎತ್ತಲೇ ಇಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಫೋನಿನ ಹೊಟ್ಟೆ ಬಗೆಯುತ್ತಿದ್ದವನು, "ಸ್ಪೇರಿಗಾ ಸಾರ್? ಡಿಸ್‌ಪ್ಲೇ ಹೋಗಿರೋದಾ, ಬೋರ್ಡ್ ಹೋಗಿರೋದಾ?" ಎಂದ.

"ಎರಡೂ ಹೋಗಿರಬಾರದು. ಎಲ್ಲಾ ಕೆಲಸ ಮಾಡಬೇಕು. ಆದರೆ ಸರಿಯಾಗಿ ಮಾಡಬಾರದು."

ಈಗ ತಲೆ ಎತ್ತಿದ. ಭೂತಗನ್ನಡಿಯ ಕಣ್ಣು ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ನನ್ನನ್ನೇ ನೋಡಿತು. ನಿಧಾನ ಇರಬೇಕು, ಜಾಗ ಕಡಿಮೆ ಇರಬೇಕು, ಗ್ಲಾಸು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದ್ದರೆ ಇನ್ನೂ ಒಳ್ಳೆಯದು ಎಂದು ವಿವರಿಸಿದೆ. ಅವನು ಪಕ್ಕದ ಅಂಗಡಿಯವನ ಕಡೆ ನೋಡಿದ, ಪಕ್ಕದವನು ನನ್ನ ಕಡೆ ನೋಡಿದ. ಈ ಬೀದಿಗೆ ಬರುವವರೆಲ್ಲ ಮಾಲಿನಲ್ಲಿ ಇಲ್ಲದ ಐಬು ಹುಡುಕಿ ಬೆಲೆ ಇಳಿಸುವವರು. ಐಬಿಗೇ ದುಡ್ಡು ಕೊಡುತ್ತೇನೆಂದು ಬಂದವನು ನಾನೇ ಮೊದಲಿರಬೇಕು. "ಯಾರಿಗೆ ಸಾರ್, ಅತ್ತೆಗಾ?" ಎಂದು ಕೇಳಿದ. ಆ ಪ್ರಶ್ನೆಗೆ ಆಗ ನಕ್ಕುಬಿಟ್ಟೆ. ಅದರಲ್ಲಿ ಎಷ್ಟು ಭವಿಷ್ಯ ಅಡಗಿತ್ತು ಎನ್ನುವುದು ಆಮೇಲೆ ಗೊತ್ತಾಯಿತು.

ಇದೆಲ್ಲ ಶುರುವಾದದ್ದು ನಮ್ಮ ಹನುಮಂತನಗರದ ಬೀದಿಯ ಕೊನೆಯಲ್ಲಿರುವ ಶೆಟ್ಟರ ದಿನಸಿ ಅಂಗಡಿಯಿಂದ. ಹಗಲೆಲ್ಲ ಕಂಪನಿಯಲ್ಲಿ ಯಾವುದೋ ದೇಶದ ಯಾರದೋ ಆ್ಯಪಿಗೆ ತೇಪೆ ಹಾಕುವ ನನಗೆ, ಸ್ವಂತದ್ದೊಂದು ಆ್ಯಪು ಮಾಡಬೇಕೆಂಬ ಚಪಲ ಬಹಳ ದಿನದಿಂದ ಇತ್ತು. ತಿಂಗಳ ಮೊದಲ ವಾರ ನಮ್ಮ ಬೀದಿಯವರೆಲ್ಲ ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಸಾಮಾನಿನ ಚೀಟಿ ಬರೆದು ಶೆಟ್ಟರಿಗೆ ಕೊಡುತ್ತಾರೆ. ನಮ್ಮ ಮನೆಯ ಚೀಟಿಯಲ್ಲಿ ನಾನು ಬರೆದ "ಸಾಸಿವೆ" ಶೆಟ್ಟರಿಗೆ "ಸಾಬೂನು" ಎಂದು ಕಂಡು, ಒಂದು ತಿಂಗಳು ನಾವು ಒಗ್ಗರಣೆ ಇಲ್ಲದೆ ಬಹಳ ಸ್ವಚ್ಛವಾಗಿದ್ದೆವು. ಚೀಟಿಯನ್ನು ಫೋನಿಗೆ ತಂದರೆ ಹೇಗೆ ಎಂದುಕೊಂಡೆ. ಆ್ಯಪಿಗೆ "ಚೀಟಿ" ಎಂದೇ ಹೆಸರಿಟ್ಟೆ. ಚೀಟಿ ವ್ಯವಹಾರ ಶುರು ಮಾಡಿದ್ದೇನೆಂದು ತಿಳಿದು ಎದುರು ಮನೆಯವರು ನನ್ನನ್ನು ಕಂಡರೆ ರಸ್ತೆ ದಾಟತೊಡಗಿದರು; ಮೇಲಿನ ಮನೆಯವರು ಮಾತ್ರ ಸಂಜೆ ಬಂದು ಎಷ್ಟು ಜನ ಸೇರಿದ್ದಾರೆ, ಮೊದಲ ಕೂಗು ಯಾವತ್ತು ಎಂದು ವಿಚಾರಿಸಿದರು. ಹೆಸರನ್ನು "ಸಾಮಾನು ಪಟ್ಟಿ" ಎಂದು ಬದಲಾಯಿಸಿದೆ. ಸಪ್ಪೆ ಹೆಸರು, ಆದರೆ ಪೊಲೀಸರು ಬರುವುದಿಲ್ಲ.

ಬರೆದ ಆ್ಯಪು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನಮ್ಮ ಕಸುಬಿನಲ್ಲಿ ಎಮ್ಯುಲೇಟರ್ ಎಂಬುದೊಂದಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಫೋನಿನ ವೇಷ ಹಾಕಿ ಕುಣಿಯುವ ತಂತ್ರಾಂಶ ಅದು. ಬಯಲಾಟದ ಸ್ತ್ರೀವೇಷ ಇದ್ದ ಹಾಗೆ. ದೂರದಿಂದ ಸಾಕ್ಷಾತ್ ದ್ರೌಪದಿ, ಚೌಕಿಗೆ ಹೋಗಿ ಹತ್ತಿರದಿಂದ ನೋಡಿದರೆ ಬೋಳಿಸಿದ ಮೀಸೆಯ ಹಸಿರು. ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಅದನ್ನು ಚಾಲೂ ಮಾಡಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಎರಡನೆಯ ಲೋಟಕ್ಕೂ ಸಮಯ ಉಳಿಯುತ್ತಿತ್ತು. ಈಗ ಬಹಳ ಚುರುಕಾಗಿದೆ. ಚುರುಕಾಗಿರುವುದೇ ಅದರ ದೋಷ. ಅದರ ಬ್ಯಾಟರಿ ಯಾವಾಗಲೂ 100. ಅದು ಬಿಸಿಯಾಗುವುದಿಲ್ಲ. ಅದನ್ನು ಒತ್ತುವುದು ಮೌಸಿನ ಸಣ್ಣ ಬಾಣ, ಅವಲಕ್ಕಿ ತಿಂದ ಹೆಬ್ಬೆರಳಲ್ಲ. ಅದರ ಕ್ಯಾಮೆರಾ ತೆರೆದರೆ ಯಾರದೋ ಸುಳ್ಳು ಮನೆಯ ಹಜಾರ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾವು ಬದಲಾಯಿಸುವವರೆಗೆ ಅದು ತಾನು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ, ಗೂಗಲ್ ಕಚೇರಿಯ ಆವರಣದಲ್ಲಿ ಇದ್ದೇನೆಂದೇ ನಂಬಿರುತ್ತದೆ. "ಹತ್ತಿರದ ಅಂಗಡಿ" ಎಂಬ ಗುಂಡಿ ಒತ್ತಿದಾಗ ಶೆಟ್ಟರ ಅಂಗಡಿ ಸುಮಾರು 14,000 ಕಿಲೋಮೀಟರ್ ದೂರದಲ್ಲಿದೆ ಎಂದು ತೋರಿಸಿತು. ನನ್ನ ಹೆಂಡತಿ ಹಿಂದಿನಿಂದ ಇಣುಕಿ, "ಅಷ್ಟು ದೂರ ಆದ್ರೆ ಡೆಲಿವರಿಗೇ ಹೇಳಿಬಿಡಿ, ನಡೆದು ಹೋಗೋದು ಬೇಡ" ಎಂದಳು.

ಸರಿ, ವೇಷ ಬೇಡ, ನಿಜವಾದ ಫೋನಿನಲ್ಲೇ ನೋಡೋಣ ಎಂದು ನನ್ನ ಫೋನಿಗೆ ಹಾಕಿದೆ. ಕಂಪನಿಯವರು ಕೊಟ್ಟ ಒಳ್ಳೆಯ ಫೋನು. ಆ್ಯಪು ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡಿತು. ಬೆಣ್ಣೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ, ಮುಂದಿನ ಅವಮಾನಕ್ಕೆ ಅದೇ ಕಾರಣ.

ಭಾನುವಾರ ಬೆಳಗ್ಗೆ ಶೆಟ್ಟರ ಫೋನಿಗೂ ಹಾಕಿಕೊಟ್ಟೆ. ಆ ಫೋನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ತಕ್ಕಡಿಯ ಹಿಂದೆ, ಒಂದು ರಬ್ಬರ್ ಬ್ಯಾಂಡಿನ ಬಂಧನದಲ್ಲಿ ಇರುತ್ತದೆ. ರಬ್ಬರ್ ಬ್ಯಾಂಡು ತೆಗೆದರೆ ಹಿಂಭಾಗದ ಮುಚ್ಚಳ ಬೇರೆ, ಫೋನು ಬೇರೆ. ಗಾಜಿನ ಮೇಲೆ ಜೇಡರಬಲೆ. ಅದರ ಮೇಲೆ ಹುರಿಗಡಲೆ ಹಿಟ್ಟಿನ ತೆಳು ಲೇಪ. ನನ್ನ ಮನೆಯ ಪಟ್ಟಿ ಕಳಿಸಿದೆ. ಶೆಟ್ಟರು ಕನ್ನಡಕ ಮೇಲೆ ಸರಿಸಿ, ಫೋನನ್ನು ಒಂದು ಮೊಳ ದೂರ ಹಿಡಿದು ಓದಿದರು.

"ಬೆಣೆ ಅರ್ಧ ಕೇಜಿ. ಬೆಣೆ ನಮ್ಮಲ್ಲಿ ಇಲ್ಲ ಸ್ವಾಮಿ. ಗಾಡಿ ಚಕ್ರಕ್ಕಾ? ಬಡಗೀರ ಹತ್ರ ಕೇಳಿ."

ಇಣುಕಿ ನೋಡಿದೆ. ಹೌದು, ಬೆಣೆ. ಅದರ ಕೆಳಗೆ ಅಕಿ ಹತ್ತು ಕೇಜಿ, ಬೆಲ ಎರಡು ಕೇಜಿ, ಗೋಧಿ ಹಿಟು, ಸಕರೆ, ಎಳು, ಮತ್ತು ಯಾವ ಭಾಷೆಯದೋ ಗೊತ್ತಾಗದ ಕಲುಪು. ಮೇಲೆ ದಪ್ಪ ಅಕ್ಷರದಲ್ಲಿ ಸಾಮಾನು ಪಟಿ. ಒಂದೇ ಒಂದು ಒತ್ತಕ್ಷರವೂ ಉಳಿದಿರಲಿಲ್ಲ. ಯಾರೋ ಕತ್ತರಿ ತೆಗೆದುಕೊಂಡು ಪ್ರತಿ ಸಾಲಿನ ಕೆಳಗೂ ಹುಲ್ಲು ಕೊಯ್ದ ಹಾಗೆ ಕೊಯ್ದಿದ್ದರು.

ಕೊಯ್ದವನು ನಾನೇ. ಇಂಗ್ಲಿಷು ಅಕ್ಷರಗಳು ಹೆಚ್ಚೆಂದರೆ ಒಂದು ಗೇಣು ಬಾಲ ಇಳಿಬಿಡುತ್ತವೆ, ಜಿ ಮತ್ತು ವೈಗಳ ಬಾಲ. ಕನ್ನಡದ ಅಕ್ಷರ ಹಾಗಲ್ಲ. ಅದು ಇನ್ನೊಂದು ಅಕ್ಷರವನ್ನೇ ಕಂಕುಳಿಗೆ ಜೋತುಹಾಕಿಕೊಂಡು ನಡೆಯುತ್ತದೆ. ವಸ್ತ್ರ, ರಾಷ್ಟ್ರ ಎನ್ನುವಂಥವು ಎರಡೆರಡು ಮಕ್ಕಳ ಸಂಸಾರಸ್ಥರು. ನಾನು ಸಾಲಿನ ಎತ್ತರವನ್ನು ನನ್ನ ಫೋನಿನ ಅಂದಾಜಿನಲ್ಲಿ ಇಷ್ಟೇ ಎಂದು ಗಟ್ಟಿಯಾಗಿ ಕಟ್ಟಿಬಿಟ್ಟಿದ್ದೆ. ನನ್ನ ಫೋನಿನ ಕನ್ನಡ ಫಾಂಟು ಅದರೊಳಗೆ ಮುದುಡಿ ಕೂತಿತ್ತು. ಶೆಟ್ಟರ ಫೋನಿನ ಫಾಂಟು ಬೇರೆ, ಮೇಲಾಗಿ ಅವರು ಅಕ್ಷರದ ಗಾತ್ರವನ್ನು ಎಷ್ಟು ಸಾಧ್ಯವೋ ಅಷ್ಟಕ್ಕೆ ಏರಿಸಿದ್ದರು. ಮಕ್ಕಳೆಲ್ಲ ಗೋಡೆಯ ಆಚೆಗೆ ಉಳಿದುಬಿಟ್ಟಿದ್ದವು. ರಾತ್ರಿ ನಿದ್ದೆ ಬಾರದೆ ಇನ್ನೂ ಏನೇನು ಹಾಳಾಗಬಹುದಿತ್ತು ಎಂದು ಲೆಕ್ಕ ಹಾಕುತ್ತ ಮಲಗಿದೆ. ಹಳ್ಳಿ ಹಳಿಯಾಗುತ್ತದೆ, ಎಣ್ಣೆ ಎಣೆಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ಕೊನೆಯದು ಅಷ್ಟೇನೂ ನಷ್ಟವಲ್ಲ ಅನ್ನಿಸಿತು. ನಮ್ಮಲ್ಲಿ ಕೆಲವು ಕತೆಗಳು ಒತ್ತು ಬಿದ್ದುಹೋದವೇ ಇರಬೇಕು.

ಕನ್ನಡ ತೋರಿಸುವ ಫೋನಿಗಾಗಿ ನಾವು ಪಟ್ಟ ಪಾಡು ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 2010, 2011ರ ಸುಮಾರಿಗೆ ಆಂಡ್ರಾಯ್ಡ್ ಫೋನು ಕೊಂಡು ಕನ್ನಡ ಪುಟ ತೆರೆದರೆ ಸಾಲುಸಾಲು ಖಾಲಿ ಚೌಕಗಳು, ಇಟ್ಟಿಗೆ ಒಣಹಾಕಿದ ಹಾಗೆ. ಬಲ್ಲವರೊಬ್ಬರು ಗುಟ್ಟು ಹೇಳಿಕೊಟ್ಟರು. ಒಪೇರಾ ಮಿನಿ ಹಾಕಿಕೊಂಡು, ವಿಳಾಸ ಬರೆಯುವ ಜಾಗದಲ್ಲಿ ಒಪೇರಾ, ಅದರ ಮುಂದೆ ಎರಡು ಚುಕ್ಕಿ, ಆಮೇಲೆ ಕಾನ್ಫಿಗ್ ಎಂದು ಹೊಡೆದು, ಬರುವ ಪಟ್ಟಿಯ ತಳದಲ್ಲಿ ಒಂದು "ನೋ"ವನ್ನು "ಯೆಸ್" ಮಾಡಬೇಕು. ಆಗ ಅದು ಕನ್ನಡವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸುತ್ತಿತ್ತು. ಮಂತ್ರೋಪದೇಶದ ಹಾಗೆ ಕಿವಿಯಿಂದ ಕಿವಿಗೆ ಹೋದ ವಿದ್ಯೆ ಅದು. ಮದುವೆಮನೆಗಳಲ್ಲಿ ಎಷ್ಟು ಜನರ ಫೋನಿಗೆ ನಾನೇ ಈ ದೀಕ್ಷೆ ಕೊಟ್ಟಿದ್ದೇನೋ. ಆಂಡ್ರಾಯ್ಡಿಗೆ ತಾನಾಗಿಯೇ ಕನ್ನಡ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ, ತೆಲುಗು ಮಲಯಾಳಂಗಳ ಜೊತೆಗೆ. ಮೆನುಗಳೇ ಕನ್ನಡವಾಗಲು 2014ರ 5.0ವರೆಗೆ ಕಾಯಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೂಗಲಿನವರು ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಎಂಬ ನಮ್ಮ ದೇಶದ ಮೂರು ಕಂಪನಿಗಳ ಕೈಯಲ್ಲಿ ಆಂಡ್ರಾಯ್ಡ್ ಒನ್ ಎಂಬ ಅಗ್ಗದ ಫೋನು ಮಾಡಿಸಿದರು. 6,399 ರೂಪಾಯಿಯಿಂದ ಶುರು, ಒಂದು ಜಿಬಿ ರ‍್ಯಾಮು, ಒಂದೇ ಅಚ್ಚಿನ ಮೂರು ಗೌರಿಯರ ಹಾಗೆ ಒಳಗೆಲ್ಲ ಹೆಚ್ಚುಕಮ್ಮಿ ಒಂದೇ. ನಾನು ಪರೀಕ್ಷೆಗೆಂದು ಕೊಂಡ ಮೊದಲ ಫೋನು ಅದರಲ್ಲೊಂದು. ಬಹಳ ಪ್ರಾಮಾಣಿಕ ಪ್ರಾಣಿ. ನನ್ನ ಆ್ಯಪು ಭಾರವಾಗಿದ್ದರೆ ಏದುಸಿರು ಬಿಡುತ್ತಿತ್ತು, ಮುಖ ನೋಡಿ ಸುಳ್ಳು ಹೇಳುತ್ತಿರಲಿಲ್ಲ. ಮಗ ಅಂಬೆಗಾಲಿಡುವ ವಯಸ್ಸಿನಲ್ಲಿ ಅದನ್ನು ಬಚ್ಚಲಿನ ಬಕೆಟ್ಟಿಗೆ ಅರ್ಪಿಸಿದ. ಅಲ್ಲಿಂದ ಇಲ್ಲಿಯವರೆಗೆ ನನ್ನ ಬಳಿ ಕೆಟ್ಟ ಫೋನು ಇರಲಿಲ್ಲ. ಅದೇ ಬೆಣೆಗೆ ಮೂಲ.

ಕೆಟ್ಟ ಫೋನು ಎಂದರೆ ಎಷ್ಟು ಕೆಟ್ಟದ್ದು ಎಂಬುದೂ ಸುಲಭದ ಪ್ರಶ್ನೆಯಲ್ಲ. ತೀರಾ ಹಳೆಯದಾದರೆ ಅದು ಫೋನೇ ಅಲ್ಲ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಿಂದಿನ ಫೋನುಗಳಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗುವುದೇ 2021ರ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಕಿಟ್‌ಕ್ಯಾಟ್ ಎಂಬ 4.4ಕ್ಕೆ ಹತ್ತು ವರ್ಷ ತುಂಬುವ ಹೊತ್ತಿಗೆ, 2023ರಲ್ಲಿ, ಪ್ಲೇ ಸರ್ವಿಸಸ್ಸಿನ ಅನ್ನನೀರು ಬಂದಾಯಿತು. ಈ ಹೆಸರುಗಳ ವಿಷಯದಲ್ಲಿ ನನ್ನದೊಂದು ಹಳೆಯ ದೂರಿದೆ. ಬಹಳ ಕಾಲ ಆಂಡ್ರಾಯ್ಡಿನವರು ಒಂದೊಂದು ಆವೃತ್ತಿಗೂ ಒಂದೊಂದು ಸಿಹಿಯ ಹೆಸರಿಡುತ್ತಿದ್ದರು, ಇಂಗ್ಲಿಷು ವರ್ಣಮಾಲೆಯ ಪ್ರಕಾರ. 2016ರಲ್ಲಿ ಎನ್ ಅಕ್ಷರದ ಸರದಿ ಬಂದಾಗ ಮಲಯಾಳಿಗಳು ನೆಯ್ಯಪ್ಪಂ ಎಂದು ಇಡಿ ಎಂದು ಎಷ್ಟು ಗಲಾಟೆ ಮಾಡಿದರು! ಕೊಡಲಿಲ್ಲ, ಆ ಮಾತು ಬೇರೆ, ಆದರೆ ಕೇಳಿದರಲ್ಲ. ಅದರ ಹಿಂದಿನ ವರ್ಷ ಎಂ ಅಕ್ಷರ ನಮ್ಮ ಮನೆಬಾಗಿಲಿಗೇ ಬಂದಿತ್ತು. ಮೈಸೂರು ಪಾಕು ಎಂದು ಒಬ್ಬನಾದರೂ ಗಟ್ಟಿಯಾಗಿ ಕೂಗಿದ್ದು ನನಗಂತೂ ಕೇಳಿಸಲಿಲ್ಲ. ಮಾರ್ಷ್‌ಮೆಲ್ಲೊ ಎಂದಿಟ್ಟುಕೊಂಡು ಹೋದರು. ಪಿ ಅಕ್ಷರಕ್ಕೆ ಧಾರವಾಡದ ಪೇಡೆ ಇತ್ತು. ಅದೂ ಹೋಯಿತು. 2019ರಿಂದ ಸಿಹಿ ಹಂಚುವುದನ್ನೇ ಬಿಟ್ಟು ಬರೀ ಅಂಕಿ ಇಡತೊಡಗಿದರು, ಡಾಕ್ಟರು ಸಕ್ಕರೆ ಬೇಡವೆಂದಿರಬೇಕು.

ಹೀಗೆ ಯೋಚಿಸಿ ಯೋಚಿಸಿ ಕೊನೆಗೆ ಹಿಂದಿನ ಒಂದು ಶನಿವಾರ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದವನು ನಾನು. ಸಾದರ ಪತ್ರಪ್ಪ ರಸ್ತೆ ಎಂದು ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಹೊಸ ಅಗ್ಗದ ಫೋನು ಯಾಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಕೊಳ್ಳಬಹುದಿತ್ತು. ಆದರೆ ಹೊಸ ಫೋನು ಎಷ್ಟೇ ಅಗ್ಗದ್ದಾದರೂ ಹೊಸ ಅಳಿಯನ ಹಾಗೆ ಮೊದಲ ಆರು ತಿಂಗಳು ಗುಣ ತೋರಿಸುವುದಿಲ್ಲ. ನನಗೆ ಬೇಕಿದ್ದದ್ದು ಸಂಸಾರದಲ್ಲಿ ನುರಿತದ್ದು.

ಭೂತಗನ್ನಡಿಯ ಹುಡುಗನಿಗೆ ನನ್ನ ಅಗತ್ಯ ಅರ್ಥವಾದ ಮೇಲೆ ಉತ್ಸಾಹ ಬಂದುಬಿಟ್ಟಿತು. ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಕೌಂಟರಿನ ಮೇಲೆ ಸುರಿದ. ಬದನೆಕಾಯಿ ಆರಿಸುವ ಹಾಗೆ ಒಂದೊಂದನ್ನೇ ಎತ್ತಿ ತೋರಿಸಿದ. ಇದು ಕಾಂಬೊ ಬದಲಾಗಿದೆ ಸಾರ್, ಮೇಲಿನ ಮೂಲೆಯಲ್ಲಿ ಟಚ್ ಬರಲ್ಲ. ಇದು ಬ್ಯಾಟರಿ ಬೆಳಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ. ಇದರಲ್ಲಿ ಎಲ್ಲಾ ಚೆನ್ನಾಗಿದೆ ಎಂದು ಒಂದನ್ನು ಬೇಸರದಿಂದ ಪಕ್ಕಕ್ಕಿಟ್ಟ. ಕೊನೆಗೆ ಎರಡು ಜಿಬಿ ರ‍್ಯಾಮಿನ, ಹದಿನಾರು ಜಿಬಿ ಜಾಗದ, ಹಿಂದಿನವರು ನೇಲ್ ಪಾಲಿಷಿನಲ್ಲಿ ಓಂ ಎಂದು ಬರೆದಿದ್ದ ಒಂದು ಪೀಸನ್ನು ಹಿಡಿದು, "ಇದು ನೋಡಿ ಸಾರ್. ನಿಮಗೇ ಅಂತ ಮಾಡ್ಸಿರೋ ಹಾಗಿದೆ. ವಾಟ್ಸಾಪ್ ಓಪನ್ ಮಾಡಿದ್ರೆ ನೀರು ಕುಡಿದು ಬರಬಹುದು" ಎಂದ.

ಹಳೇ ಫೋನು ಕೊಳ್ಳುವವರು ಎರಡು ಕೆಲಸ ಮರೆಯಬಾರದು, ಅಷ್ಟು ಮಾತ್ರ ಗಂಭೀರವಾಗಿ ಹೇಳಿಬಿಡುತ್ತೇನೆ. ಮೊದಲು ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷು ಅಕ್ಷರ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಅದು ಕಳುವಿನ ಮಾಲೆಂದು ತಡೆಹಿಡಿದದ್ದೋ ಅಲ್ಲವೋ ಗೊತ್ತಾಗುತ್ತದೆ. ಎರಡನೆಯದು, ಹಿಂದಿನವರ ಗೂಗಲ್ ಖಾತೆ ತೆಗೆದಿದೆಯೇ ನೋಡುವುದು. ತೆಗೆಯದೆ ಒಳಗಿನದನ್ನೆಲ್ಲ ಅಳಿಸಿದ್ದರೆ ಫೋನು ಅವರ ಪಾಸ್‌ವರ್ಡೇ ಬೇಕೆಂದು ಹಟ ಹಿಡಿದು ಕೂರುತ್ತದೆ. 2015ರಲ್ಲಿ 5.1 ಬಂದಾಗಿನಿಂದ ಈ ಪಾತಿವ್ರತ್ಯ ಇದೆ.

ಎರಡೂ ಪರೀಕ್ಷೆಯಲ್ಲಿ ಓಂ ಫೋನು ಪಾಸಾಯಿತು. ಬೆಲೆ 3,500 ಎಂದ. ಅಭ್ಯಾಸಬಲದಿಂದ ನಾನು ಗ್ಲಾಸು ಒಡೆದಿದೆ, ನಿಧಾನ ಇದೆ ಎಂದು ಚೌಕಾಸಿ ಶುರು ಮಾಡಿದೆ. ಹುಡುಗ ಕೈ ಕಟ್ಟಿ ನಿಂತು ನಕ್ಕ. "ಸಾರ್, ನೀವೇ ಕೇಳಿದ್ದು. ಗ್ಲಾಸ್ ಒಡೆದಿರೋದಕ್ಕೇ ಐನೂರು ಜಾಸ್ತಿ ಹಾಕಬೇಕಿತ್ತು." ವಾದಕ್ಕೆ ಉತ್ತರ ಇರಲಿಲ್ಲ. 2,900ಕ್ಕೆ ಮುಗಿಯಿತು. ಬಿಲ್ಲು, ಬಾಕ್ಸು ಇಲ್ಲ. ಒಂದು ಚಾರ್ಜರು, ಅದೂ ಬೇರೆ ಜಾತಿಯದು.

ಮನೆಗೆ ತಂದು ಸಂಸ್ಕಾರ ಮಾಡಿದೆ. ಸಾಮಾನ್ಯ ಫೋನು ಡೆವಲಪರನ ಫೋನಾಗಬೇಕಾದರೆ ಸೆಟ್ಟಿಂಗ್ಸಿನ ಆಳದಲ್ಲಿ ಬಿಲ್ಡ್ ನಂಬರ್ ಎಂಬಲ್ಲಿ ಏಳು ಸಲ ಒತ್ತಬೇಕು. ಮೂರ್ನಾಲ್ಕು ಒತ್ತಿದ ಮೇಲೆ ಅದೇ ಹೇಳತೊಡಗುತ್ತದೆ, ಇನ್ನು ಮೂರು ಹೆಜ್ಜೆ, ಇನ್ನು ಎರಡು ಹೆಜ್ಜೆ, ಎಂದು. ಹೆಜ್ಜೆ ಎಂಬ ಮಾತು ನನ್ನದಲ್ಲ, ಅದರದ್ದೇ. ಈ ಏಳರ ಲೆಕ್ಕ ಇಟ್ಟವನು ಎಲ್ಲಿಯೋ ನಮ್ಮ ಕಡೆಯ ಮದುವೆಯಲ್ಲಿ ಊಟ ಮಾಡಿರಲೇಬೇಕು. ಏಳನೆಯ ಹೆಜ್ಜೆಗೆ "ನೀವೀಗ ಡೆವಲಪರ್" ಎಂದು ಘೋಷಣೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ನನಗೆ ಯಾರೂ ಅಷ್ಟು ಖಚಿತವಾಗಿ ಹೇಳಿರಲಿಲ್ಲ. ಮಗ ತನ್ನಮ್ಮನ ಫೋನಿನಲ್ಲೂ ಏಳು ಸಲ ಒತ್ತಿ ಅವಳನ್ನೂ ಡೆವಲಪರ್ ಮಾಡಿಬಿಟ್ಟ. ಅವಳು ಆವತ್ತಿನಿಂದ ನನ್ನ ಆ್ಯಪಿನ ಬಣ್ಣದ ಬಗ್ಗೆ ಅಧಿಕಾರದಿಂದ ಮಾತಾಡುತ್ತಾಳೆ.

ಓಂ ಫೋನು ಮೊದಲ ದಿನವೇ ಒಂಬತ್ತು ತಪ್ಪು ತೋರಿಸಿತು. ಸಾಲಿನ ಎತ್ತರ ಸಡಿಲಿಸಿದೆ. ಬೆಣ್ಣೆಗೆ ಒತ್ತು ಮರಳಿತು. ಪಟ್ಟಿ ಬರೆಯುತ್ತಿರುವಾಗ ಕರೆ ಬಂದರೆ, ರ‍್ಯಾಮು ಸಾಲದೆ ಫೋನು ನನ್ನ ಆ್ಯಪನ್ನು ಹೊರದಬ್ಬುತ್ತಿತ್ತು. ಮಾತು ಮುಗಿಸಿ ಬರುವಷ್ಟರಲ್ಲಿ ಬರೆದದ್ದೆಲ್ಲ ಮಾಯ. ನನ್ನ ದೊಡ್ಡ ಫೋನಿನಲ್ಲಿ ಇದು ಒಮ್ಮೆಯೂ ಆಗಿರಲಿಲ್ಲ. ಅದರಲ್ಲಿ ಎಂಟು ಜಿಬಿ ಅರಮನೆ, ಯಾರನ್ನೂ ಯಾರೂ ಹೊರದಬ್ಬಬೇಕಾಗಿಲ್ಲ. ಓಂ ಫೋನು ಬಾಡಿಗೆ ಮನೆ, ನೆಂಟರು ಬಂದರೆ ಯಾರಾದರೂ ಪಡಸಾಲೆಗೆ ಹೋಗಿ ಮಲಗಲೇಬೇಕು. ಹೀಗೆ ಒಂದು ತಿಂಗಳು ಅದನ್ನು ಬೈಯುತ್ತ, ಅದರಿಂದ ಬೈಸಿಕೊಳ್ಳುತ್ತ ಆ್ಯಪು ಒಂದು ರೂಪಕ್ಕೆ ಬಂತು. ಇನ್ನು ಪ್ಲೇ ಸ್ಟೋರಿಗೆ ಹಾಕಿಬಿಡೋಣ ಎಂದು 25 ಡಾಲರು ಕಟ್ಟಿದೆ. ಅದು ಒಂದೇ ಸಲ ಕಟ್ಟುವ ಶುಲ್ಕ. ಐಫೋನಿಗೂ ಮಾಡಿ ಎಂದು ಕಂಪನಿಯ ಹುಡುಗರು ಹೇಳಿದರು. ಅಲ್ಲಿ ವರ್ಷವರ್ಷವೂ 99 ಡಾಲರು. ಶೆಟ್ಟರ ಗಿರಾಕಿಗಳಲ್ಲಿ ಐಫೋನು ಇರುವವರು ಒಬ್ಬರೇ. ಅವರು ಸಾಮಾನನ್ನು ಬೇರೆ ಕಡೆ ತರುತ್ತಾರೆ.

ದುಡ್ಡು ಕಟ್ಟಿದ ಮೇಲೆ ಇನ್ನೊಂದು ಕಟ್ಟಳೆ ಎದುರಾಯಿತು. 2023ರ ನವೆಂಬರ್ 13ರ ಆಮೇಲೆ ಸ್ವಂತ ಹೆಸರಿನಲ್ಲಿ ಖಾತೆ ತೆರೆದವರು ಮೊದಲು ಇಪ್ಪತ್ತು ಜನರ ಕೈಯಲ್ಲಿ ಹದಿನಾಲ್ಕು ದಿನ ಎಡೆಬಿಡದೆ ಪರೀಕ್ಷೆ ಮಾಡಿಸಬೇಕಿತ್ತು. ಮುಂದಿನ ವರ್ಷದ ಕೊನೆಗೆ ಅದನ್ನು ಹನ್ನೆರಡಕ್ಕೆ ಇಳಿಸಿದರು. ಹನ್ನೆರಡು ಜನ, ಹದಿನಾಲ್ಕು ದಿನ. ಇದು ತಂತ್ರಾಂಶವೋ ವ್ರತವೋ! ಸ್ನೇಹಿತರನ್ನು ಕೇಳಿದರೆ ಅವರೆಲ್ಲ ನನ್ನ ಹಾಗೇ ಆ್ಯಪು ಮಾಡಿ ಜನ ಹುಡುಕುತ್ತಿರುವವರು. ಅಷ್ಟರಲ್ಲಿ ಅರಸೀಕೆರೆಯಲ್ಲಿ ಚಿಕ್ಕಪ್ಪನ ಮೊಮ್ಮಗನ ನಾಮಕರಣ ಬಂತು. ದೇವರೇ ಜನ ಸೇರಿಸಿದ ಎಂದುಕೊಂಡೆ.

ಊಟದ ಎರಡನೇ ಪಂಕ್ತಿ ಏಳುವುದರೊಳಗೆ ಹದಿನಾರು ಜನರನ್ನು ಒಪ್ಪಿಸಿದ್ದೆ. ಕಷ್ಟ ಇದ್ದದ್ದು ಮುಂದೆ. ಪ್ರತಿಯೊಬ್ಬರ ಜಿಮೇಲ್ ವಿಳಾಸ ಬೇಕು. "ನನಗೆ ಅಂಥದ್ದೆಲ್ಲ ಇಲ್ಲಪ್ಪ" ಎಂದರು ಚಿಕ್ಕಪ್ಪ. ಇಲ್ಲದೆ ನಿಮ್ಮ ಫೋನೇ ನಡೆಯುವುದಿಲ್ಲ ಎಂದು ತೆಗೆದು ನೋಡಿದರೆ, ಫೋನು ಮಾರಿದ ಅಂಗಡಿ ಹುಡುಗ ತನಗೆ ತೋಚಿದ ಹೆಸರಿನಲ್ಲಿ ಖಾತೆ ಮಾಡಿಕೊಟ್ಟಿದ್ದ. ಎಪ್ಪತ್ತೆರಡು ವರ್ಷದ, ಪ್ರತಿದಿನ ಸಂಧ್ಯಾವಂದನೆ ತಪ್ಪಿಸದ ನಮ್ಮ ಚಿಕ್ಕಪ್ಪ ಗೂಗಲಿನ ಪಾಲಿಗೆ ಐದು ವರ್ಷದಿಂದ "ರಾಕಿಂಗ್ ಬಾಯ್" ಆಗಿದ್ದರು. ಪಾಸ್‌ವರ್ಡು ಆ ಹುಡುಗನಿಗೇ ಗೊತ್ತು. ಆ ಹುಡುಗ ಈಗ ದುಬೈಯಲ್ಲಿದ್ದಾನೆ.

ಒಬ್ಬೊಬ್ಬರ ಫೋನನ್ನೂ ಕೈಗೆ ತೆಗೆದುಕೊಂಡಾಗ ನನಗೆ ಎಸ್.ಪಿ. ರೋಡಿನ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಅದೇ ಡಬ್ಬಿ, ಜನಸಮೇತ. ಅಡುಗೆ ಭಟ್ಟರ ಫೋನಿನಲ್ಲಿ ಅರಿಶಿನದ ಹೆಬ್ಬೆಟ್ಟು ಒಣಗಿ ಪರದೆಯ ಅರ್ಧ ಹಳದಿ. ತೆಂಗಿನಕಾಯಿ ವ್ಯಾಪಾರದ ಭಾವನ ಫೋನಿಗೆ ಎರಡು ಸಿಮ್ಮು, ಎರಡರಲ್ಲೂ ದುಡ್ಡಿಲ್ಲ. ತಿಪಟೂರು ದಾಟಿ ತೋಟಗಳ ನಡುವೆ ಹೊಕ್ಕರೆ ಸಿಗ್ನಲ್ಲೂ ಇಲ್ಲ. ಅಕ್ಕನ ಫೋನು ಪೂರ್ತಿ ಕನ್ನಡದಲ್ಲಿ, ಅಕ್ಕನ ಮಗಳದು ಪೂರ್ತಿ ಕೊರಿಯನ್ನಿನಲ್ಲಿ. ಇನ್ನು ನಮ್ಮ ಸೋದರತ್ತೆಯ ಫೋನು. ಅದರಲ್ಲಿ ನನ್ನ ಆ್ಯಪು ಇಳಿಯಲೇ ಇಲ್ಲ, ಜಾಗ ಇಲ್ಲ ಎಂದಿತು. ಬರೀ ಇಪ್ಪತ್ತು ಎಂಬಿ ಜಾಗ ಸಾಕು ನನಗೆ, ಆದರೆ ಆ ಫೋನಿನಲ್ಲಿ ಸೂಜಿ ಊರುವಷ್ಟೂ ಎಡೆಯಿರಲಿಲ್ಲ. ನಾಲ್ಕು ವರ್ಷದ ಶುಭೋದಯಗಳು. ಗುಲಾಬಿ ಹೂವಿನ ಜೊತೆಗಿನ ಶುಭೋದಯ, ಕಾಫಿ ಲೋಟದ ಜೊತೆಗಿನ ಶುಭೋದಯ, ಸೋಮವಾರದ ಶಿವ, ಶನಿವಾರದ ಹನುಮಂತ, ಏಕಾದಶಿಗೆ ಪ್ರತ್ಯೇಕ.

"ಇದರಲ್ಲಿ ಒಂದಷ್ಟು ಅಳಿಸಲಾ ಅತ್ತೆ?"

"ದೇವರನ್ನ ಅಳಿಸ್ತೀಯೇನೋ?"

ಗುಲಾಬಿಗಳನ್ನು ಅಳಿಸಿ ಜಾಗ ಮಾಡಿದೆ.

ಹದಿನಾಲ್ಕು ದಿನದ ವ್ರತ ಹೇಗೋ ನಡೆಯಿತು. ದಿನಾ ಬೆಳಗ್ಗೆ ನಾನೇ ಒಬ್ಬೊಬ್ಬರಿಗೂ ಫೋನು ಮಾಡಿ ಆ್ಯಪು ತೆರೆದಿರಾ ಎಂದು ಕೇಳುತ್ತಿದ್ದೆ; ಅವರು ಮಗುವಿನ ಹಲ್ಲು, ಅಡಕೆಯ ಬೆಲೆ ಎಲ್ಲ ಹೇಳಿ, ಕೊನೆಗೆ ತೆರೆದೆ ಎನ್ನುತ್ತಿದ್ದರು. ಅತ್ತೆ ಮಾತ್ರ ನಿಜವಾದ ದೂರು ಕೊಟ್ಟರು. ತಿಂಗಳ ಒಂದನೇ ತಾರೀಖು ಬೆಳಗ್ಗೆ ಏಳಕ್ಕೆ "ಸಾಮಾನು ಬರೆಯಿರಿ" ಎಂದು ನೆನಪಿಸುವ ಗಂಟೆಯೊಂದನ್ನು ಇಟ್ಟಿದ್ದೆ. ಎಲ್ಲರ ಫೋನಿನಲ್ಲೂ ಬಾರಿಸಿತು, ಅವರದರಲ್ಲಿ ಇಲ್ಲ. ಕೆಲವು ಕಂಪನಿಯವರು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪುಗಳನ್ನು ನಿರ್ದಾಕ್ಷಿಣ್ಯವಾಗಿ ಮಲಗಿಸಿಬಿಡುತ್ತಾರೆ. ಅವರನ್ನೆಲ್ಲ ಕಟುಕತನದ ಪ್ರಕಾರ ಸಾಲಾಗಿ ನಿಲ್ಲಿಸಿ ಅಂಕ ಕೊಡುವ ಡೋಂಟ್ ಕಿಲ್ ಮೈ ಆ್ಯಪ್ ಎಂಬ ಜಾಲತಾಣವೇ ಇದೆ. ಅತ್ತೆಯ ಫೋನು ಆ ಪಂಗಡದ್ದು. ಓಂ ಫೋನು ಎಷ್ಟೇ ಬಡವನಾದರೂ ಆ ಪಂಗಡದ್ದಲ್ಲ. ಹಾಗಾಗಿ ಈ ತಪ್ಪು ನನ್ನ ಮೇಜಿನ ಮೇಲೆ ಎಂದೂ ಸಿಕ್ಕುತ್ತಿರಲಿಲ್ಲ. ಫೋನು ಎದುರಿಗಿಟ್ಟುಕೊಂಡೇ ನೋಡಬೇಕು ಎಂದು ಓಂ ಫೋನನ್ನೂ ಜೇಬಿಗೆ ಹಾಕಿಕೊಂಡು ಭಾನುವಾರದ ರೈಲಿಗೆ ಅರಸೀಕೆರೆಗೆ ಹೋದೆ. ಅತ್ತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಎರಡು ತಾಸು ಅವರ ಫೋನಿನ ಜೊತೆ ಗುದ್ದಾಡಿ ಗಂಟೆ ಬಾರಿಸಿದೆ. ಬಾರಿಸಿದ ಸಂಭ್ರಮಕ್ಕೆ ಅದು ಕಟ್ಟೆಯ ಮೇಲಿಂದ ಕಂಪಿಸುತ್ತ ಸರಿದು ಸರಿದು ಹಿಟ್ಟಿನ ಬೋಗುಣಿಗೆ ಬಿತ್ತು. ಮತ್ತೆ ಏಳಲಿಲ್ಲ.

ತಪ್ಪು ನನ್ನದೇ ಆದ್ದರಿಂದ ಬೇರೆ ದಾರಿ ಇರಲಿಲ್ಲ. ಸಿಮ್ಮು ತೆಗೆದು ಓಂ ಫೋನಿಗೆ ಹಾಕಿಕೊಟ್ಟೆ. ಹಿಂದೆ ಓಂ ಎಂದು ಬರೆದಿದ್ದನ್ನು ನೋಡಿ ಅತ್ತೆಗೆ ಬಹಳ ಸಮಾಧಾನವಾಯಿತು. ಅಂಗಡಿಯ ಹುಡುಗ ಕೇಳಿದ ಪ್ರಶ್ನೆ ಆಗ ನೆನಪಾಯಿತು. ಹೊಸದು ತೆಗೆಸಿಕೊಡುವವರೆಗೆ ಅಷ್ಟೇ ಎಂದು ಹೇಳಿ ಬಂದಿದ್ದೇನೆ; ಎರಡು ತಿಂಗಳಾಯಿತು, ಅವರಿಗೆ ಹೊಸದು ಬೇಡವಂತೆ.

ಮೊನ್ನೆ ರಾತ್ರಿ ಅವರೇ ಫೋನು ಮಾಡಿದರು. "ಬೇಜಾರು ಮಾಡ್ಕೋಬೇಡ ಕಣೋ. ನಾಳೆ ಏಕಾದಶಿ ನೋಡು, ಯಾರ್ಯಾರೋ ಕಳಿಸ್ತಾನೇ ಇದ್ದಾರೆ, ಜಾಗ ಇಲ್ಲ ಅಂತ ಹೇಳ್ತು. ಅದಕ್ಕೆ ನಿನ್ನದೊಂದಿತ್ತಲ್ಲ ಸಾಮಾನಿಂದು, ಅದನ್ನ ತೆಗೆದುಬಿಟ್ಟೆ."

ಪರವಾಗಿಲ್ಲ ಅತ್ತೆ ಎಂದೆ. ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೋಗುವುದಿದೆ. ಮೇಲಿನ ಮೂಲೆಯಲ್ಲಿ ಟಚ್ ಬರದ ಆ ಪೀಸು ಇನ್ನೂ ಇದೆಯೋ ಇಲ್ಲವೋ.